ಮಾಗಡಿ ರೋಡಿನ ಬೋರ್ಡಿಲ್ಲದ ಶೆಡ್ಡಲ್ಲಿ ನನ್ನ ಜಿಪ್ಸಿ 41 ದಿನ

ಮೊದಲೇ ಹೇಳ್ಬಿಡ್ತೀನಿ, ಈ ಗ್ಯಾರೇಜಿಗೆ ಬೋರ್ಡಿಲ್ಲ, ಮ್ಯಾಪಲ್ಲೂ ಸಿಗಲ್ಲ. ರಿವ್ಯೂ ಬರೀತೀನಿ ಭಾಯ್ ಅಂತ ಗ್ಯಾರೇಜ್ ನಡೆಸೋರಿಗೆ ಅಂದಿದ್ದಕ್ಕೆ "ಬರೀರಿ ಸಾರ್, ಹೆಸರು ಮಾತ್ರ ಹಾಕ್ಬೇಡಿ, ಈಗ್ಲೇ ಗಾಡಿ ನಿಲ್ಸಕ್ಕೆ ಜಾಗ ಇಲ್ಲ, ಎದುರು ಮನೆ ಆಂಟಿ ದಿನಾ ಬೆಳಗ್ಗೆ ಬಂದು ಬೈದು ಹೋಗ್ತಾರೆ" ಅಂದ್ರು. ಹಾಗಾಗಿ ಹೆಸರಿಲ್ಲ. ಬೆಂಗಳೂರಿನ ಮಾಗಡಿ ರೋಡಲ್ಲಿ ಕಾಮಾಕ್ಷಿಪಾಳ್ಯ ದಾಟಿ ಸುಂಕದಕಟ್ಟೆ ಕಡೆ ಹೋಗ್ತಾ ಎಡಗಡೆ ಲೇತ್ ಅಂಗಡಿಗಳ ಗಲ್ಲಿ ಬರತ್ತೆ, ಅದ್ರೊಳಗೆ ನಾಲ್ಕು ಹಳೇ ಮಹೀಂದ್ರ ಜೀಪು ಸಾಲಾಗಿ ನಿಂತಿರತ್ತೆ, ಅದ್ರಲ್ಲೊಂದು ಎಂಎಂ 540, ಅದ್ರ ಬಾನೆಟ್ ಒಳಗಿಂದ ಅರಳಿ ಗಿಡ ಎದ್ದಿದೆ. ಅದೇ ಶೆಡ್ಡು. ಹಳೇ ಫೋರ್ ಬೈ ಫೋರ್ ಇಟ್ಕೊಂಡಿರೋರು ಯಾರನ್ನ ಕೇಳಿದ್ರೂ ದಾರಿ ಹೇಳ್ತಾರೆ.

ನನ್ ಗಾಡಿ 2006ರ ಮಾರುತಿ ಜಿಪ್ಸಿ ಕಿಂಗ್, ಸಾಫ್ಟ್ ಟಾಪ್, 1.3 ಎಂಪಿಎಫ್ಐ (ಕಾರ್ಬುರೇಟರ್ ಬದ್ಲು ಪೆಟ್ರೋಲ್ ಇಂಜೆಕ್ಷನ್) ಎಂಜಿನ್, 80 ಎಚ್‌ಪಿ. ಸಕಲೇಶಪುರದ ಹತ್ರ ಒಂದು ಕಾಫಿ ಎಸ್ಟೇಟಲ್ಲಿ ಓಡ್ತಿದ್ದಿದ್ದು, ಕೆಎ 46 ನಂಬರು, ನಾನು ಮೂರನೇ ಓನರ್. 1985ರಲ್ಲಿ ಬಂದಾಗ ಜಿಪ್ಸಿಗೆ ಒಂದು ಲೀಟರೂ ಪೂರ್ತಿ ಇಲ್ಲದ 970 ಸಿಸಿ ಎಂಜಿನ್ ಇತ್ತು, 1996ಕ್ಕೆ 1.3ರ ಕಿಂಗ್ ಬಂತು, 2000ದಲ್ಲಿ ಎಂಪಿಎಫ್ಐ ಆಯ್ತು, 2018ರ ಕೊನೆಗೆ ಬುಕಿಂಗ್ ನಿಲ್ಸಿದ್ರು. ಅಷ್ಟೂ ವರ್ಷ ಕೆಳಗಡೆ ಮೂಲ ಡಿಸೈನ್ ಬದಲಾಗ್ಲಿಲ್ಲ, ಲ್ಯಾಡರ್ ಚಾಸಿ, ಹಿಂದೆ ಮುಂದೆ ಎರಡೂ ಕಡೆ ಇಡೀ ಆಕ್ಸಲ್, ನಾಲ್ಕೂ ಮೂಲೆಗೆ ಕಮಾನ್ ಪ್ಲೇಟ್ (ಲೀಫ್ ಸ್ಪ್ರಿಂಗ್). ಮಿಲಿಟರಿಯವ್ರೂ ಇದನ್ನೇ ಓಡಿಸಿದ್ರಿಂದ ಜೆಸಿ ರೋಡಲ್ಲಿ ಸ್ಪೇರ್ಸ್ ಇವತ್ತಿಗೂ ಸಿಗತ್ತೆ. ಹಳೇ ಗಾಡಿ ತಗೊಳ್ಳೋನಿಗೆ ಅದೊಂದೇ ಸಾಕು.

ನನ್ ಪ್ಲಾನ್ ಏನಿತ್ತು ಅಂದ್ರೆ ಲಿಫ್ಟ್ (ಗಾಡಿ ಎತ್ತರ ಏರಿಸೋದು), ದೊಡ್ಡ ಟೈರು, ಸ್ನಾರ್ಕಲ್ (ನೀರಿಗಿಳಿದಾಗ ಎಂಜಿನ್ನಿಗೆ ಮೇಲಿಂದ ಗಾಳಿ ಕೊಡೋ ಪೈಪು), ಮುಂದೆ ಸ್ಟೀಲ್ ಬಂಪರು, ಅದ್ರ ಮೇಲೆ ವಿಂಚು (ಸಿಕ್ಕಿಬಿದ್ದಾಗ ಹಗ್ಗ ಸುತ್ತಿ ಗಾಡಿ ಎಳೆಯೋ ಮೋಟಾರು). ಫೋಟೋ ನೋಡಿ ನೋಡಿ ಹುಚ್ಚು ಹಿಡಿದಿತ್ತು. ಔಟರ್ ರಿಂಗ್ ರೋಡ್ ಕಡೆ ಒಂದು ದೊಡ್ಡ ಅಂಗಡಿಗೆ ಮೊದಲು ಹೋಗಿದ್ದೆ, ಎಸಿ ರೂಮು, ಗಾಜಿನ ಲೋಟದಲ್ಲಿ ಫಿಲ್ಟರ್ ಕಾಫಿ, ಟ್ಯಾಬಲ್ಲಿ ಗಾಡಿ ತ್ರೀಡಿ ಚಿತ್ರ ತಿರುಗಿಸಿ ತಿರುಗಿಸಿ ತೋರಿಸಿದ್ರು, ಕೊನೆಗೆ 3 ಲಕ್ಷದ 60 ಸಾವಿರ ಕೋಟ್ ಕೊಟ್ರು. ಒಬ್ಬರೂ ಗಾಡಿ ಕೆಳಗೆ ಬಗ್ಗಿ ನೋಡ್ಲಿಲ್ಲ. ನಾನು "60 ಸ್ಪೀಡಲ್ಲಿ ಗುಂಡಿಗೆ ಬಿದ್ರೆ ಸ್ಟೇರಿಂಗ್ ಗಿರಣಿ ಥರ ಅಲ್ಲಾಡತ್ತೆ" ಅಂದಿದ್ದಕ್ಕೆ "ಸ್ಟೇರಿಂಗ್ ಡ್ಯಾಂಪರ್ ಆಡ್ ಮಾಡೋಣ ಸರ್, ಹನ್ನೆರಡು ಸಾವಿರ" ಅಂತ (ಅಲ್ಲಾಟ ತಡೆಯೋ ಶಾಕ್ ಅಬ್ಸಾರ್ಬರ್ ಅದು) ಲಿಸ್ಟಿಗೆ ಇನ್ನೊಂದು ಸಾಲು ಸೇರಿಸಿದ್ರು, ಅಷ್ಟೇ.

ಆಮೇಲೆ ಸ್ನೇಹಿತನೊಬ್ಬ ಈ ಶೆಡ್ಡಿಗೆ ಕರ್ಕೊಂಡು ಬಂದ. ಭಾಯ್‌ಗೆ ಅರವತ್ತು ದಾಟಿರಬಹುದು, ಮಾತು ಕಮ್ಮಿ. ನನ್ ಲಿಸ್ಟ್ ಪೂರ್ತಿ ಕೇಳಿಸ್ಕೊಂಡು, ಹ್ಞೂಂ ಅಂತಾನೂ ಅನ್ನದೆ, ಮುಂದಿನ ಎಡಗಡೆ ಚಕ್ರಕ್ಕೆ ಜಾಕ್ ಕೊಟ್ಟು ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿದ್ರು. ಟಕ್ ಟಕ್ ಅಂತು. ನನ್ ಕೈ ಹಿಡಿದು ಅದೇ ಜಾಗದಲ್ಲಿ ಇಟ್ಟು "ನೀವೇ ಅಲ್ಲಾಡ್ಸಿ ಸಾರ್" ಅಂದ್ರು. ಟಕ್ ಟಕ್. "ಇದಕ್ಕೆ ಲಿಫ್ಟ್ ಬೇಕಾ?" ಅಷ್ಟೇ ಕೇಳಿದ್ದು, ಎದ್ದು ಚಾ ಹೇಳಕ್ಕೆ ಹೋದ್ರು. ನನಗೆ ಸ್ವಲ್ಪ ಮುಖ ಸಪ್ಪಗಾಯ್ತು ನಿಜ, ಆದ್ರೆ ಗಾಡಿ ಇಲ್ಲೇ ಬಿಡೋದು ಅಂತ ಡಿಸೈಡ್ ಆಗಿದ್ದೂ ಆವಾಗ್ಲೇ.

ಬಿಚ್ಚಿದ ದಿನ ನಾನು ಆಫೀಸಿಗೆ ರಜೆ ಹಾಕಿ ಹೋಗಿದ್ದೆ. ಜಿಪ್ಸಿ ಮುಂದಿನ ಚಕ್ರ ತಿರುಗೋದು ಒಂದು ಕಬ್ಬಿಣದ ಗುಂಡಿನ ಸುತ್ತ ಇರೋ ನಕಲ್ (ಸ್ಟೇರಿಂಗ್ ಜೊತೆ ತಿರುಗೋ ಕೀಲು) ಮೇಲೆ, ಅದಕ್ಕೆ ಅಚ್ಚಿನ ಥರ ಮೇಲೊಂದು ಕೆಳಗೊಂದು ಕಿಂಗ್‌ಪಿನ್, ಎರಡಕ್ಕೂ ಸಣ್ಣ ಬೇರಿಂಗ್. ನಮ್ಮದ್ರಲ್ಲಿ ಹಿಂದಿನ ಸೀಲ್ ಹೋಗಿ ಎಸ್ಟೇಟ್ ಕೆಸರು ನೀರೆಲ್ಲ ಒಳಗೆ ಸೇರಿ ಗ್ರೀಸು ರಾಗಿ ಅಂಬಲಿ ಬಣ್ಣಕ್ಕೆ ತಿರುಗಿತ್ತು. ಬೇರಿಂಗ್ ಕಪ್ ಒರೆಸಿ ಬೆಳಕಿಗೆ ಹಿಡಿದ್ರೆ ರೋಲರ್ ಕೂತಿದ್ದ ಕಡೆ ಎಲ್ಲ ಸೌತೆಬೀಜದಷ್ಟು ಉದ್ದ ಸಾಲಾಗಿ ಗುಂಡಿ. ನೇರ ಹೋಗೋವಾಗ ರೋಲರ್ ಆ ಗುಂಡಿಲಿ ಕೂತಿರತ್ತೆ, ರಸ್ತೆ ಗುಂಡಿ ಸಿಕ್ಕಿದ ತಕ್ಷಣ ಒಂದರಿಂದ ಇನ್ನೊಂದಕ್ಕೆ ಹಾರತ್ತೆ, ಅಲ್ಲಿಂದ ಸ್ಟೇರಿಂಗ್ ಕುಣಿಯಕ್ಕೆ ಶುರು. ಹನ್ನೆರಡು ಸಾವಿರದ ಡ್ಯಾಂಪರ್ ಹಾಕಿದ್ರೆ ಕುಣಿತ ಮುಚ್ಚಿರ್ತಿತ್ತು, ಬೇರಿಂಗ್ ಹಾಗೇ ಇರ್ತಿತ್ತು.

ಹೊಸ ಬೇರಿಂಗ್ ಕೂರಿಸಿದ ಮೇಲೆ ಟೈಟು ಎಷ್ಟಿರಬೇಕು ಅನ್ನೋದಕ್ಕೆ ಭಾಯ್ ಒಳಗಿಂದ ಒಂದು ಕೊಕ್ಕೆ ತಕ್ಕಡಿ ತಂದ್ರು, ಮೀನು ಮಾರೋರು ಹಿಡ್ಕೊಂಡಿರ್ತಾರಲ್ಲ ಅದೇ ಸ್ಪ್ರಿಂಗ್ ತಕ್ಕಡಿ, ಹಿತ್ತಾಳೆ ಮುಖದ್ದು. ಆಯಿಲ್ ಸೀಲ್ ಇನ್ನೂ ಹಾಕಿರ್ಲಿಲ್ಲ. ಟೈ ರಾಡ್ ಕೂರೋ ತೂತಿಗೆ ಕೊಕ್ಕೆ ಸಿಗಿಸಿ ಅಡ್ಡಡ್ಡ ಮೆಲ್ಲಗೆ ಎಳೀತಾರೆ, ನಕಲ್ ಮೊದಲ ಸಲ ಕದಲೋ ಆ ಒಂದು ಕ್ಷಣಕ್ಕೆ ಮುಳ್ಳು ಎಲ್ಲಿದೆ ಅಂತ ನೋಡ್ತಾರೆ. ಮೊದಲನೇ ಸಲ 600 ಗ್ರಾಂ. ತಲೆ ಅಲ್ಲಾಡಿಸಿ, ಪಿನ್ ಬಿಚ್ಚಿ, ಅದ್ರ ಕೆಳಗಿಂದ ಪೇಪರ್‌ನಷ್ಟು ತೆಳು ತಗಡು, ಶಿಮ್ ಅಂತಾರೆ, ಅಂಥದ್ದೊಂದನ್ನ ಉಗುರಲ್ಲಿ ಎಬ್ಬಿಸಿ ತೆಗೆದ್ರು, ಮತ್ತೆ ಬಿಗಿ ಮಾಡಿ ಎಳೆದ್ರು, ಒಂದು ಕೇಜಿ. ಇನ್ನೊಂದು ಶಿಮ್ ತೆಗೆದ್ರು, ಒಂದು ಕೇಜಿ ಮುನ್ನೂರು. "ಒಂದರಿಂದ ಒಂದೂಮುಕ್ಕಾಲು ಒಳಗೆ ಬರ್ಬೇಕು ಸಾರ್, ಇದು ಸಾಕು" ಅಂತ ಹುಡುಗನಿಗೆ ಸೀಲ್ ಹಾಕಕ್ಕೆ ಹೇಳಿ ಬಲಗಡೆಗೆ ಹೋದ್ರು. ಬಲಗಡೆಗೆ ಐದು ಸಲ ಬಿಚ್ಚಿ ಹಾಕಿದ್ರು, ಒಂದೂವರೆ ಗಂಟೆ ಆಯ್ತು. ಯಾರೂ ನೋಡದ ಜಾಗ ಅದು, ನಾನು ಅಲ್ಲಿ ಇಲ್ದೇ ಇದ್ದಿದ್ರೂ ಹಂಗೇ ಮಾಡ್ತಿದ್ರು ಅಂತ ಅನ್ಸತ್ತೆ ಯಾಕಂದ್ರೆ ಆವಾಗ ಅವ್ರಿಗೆ ನಾನು ಅಲ್ಲಿರೋದೇ ಮರೆತುಹೋಗಿತ್ತು, ನನ್ ಚಾ ಕೂಡ ಅವ್ರೇ ಕುಡಿದ್ರು.

ಈಗ ಲಿಫ್ಟ್ ವಿಷಯ. ನಾನು ಕೇಳಿದ್ದು ಸ್ಪ್ರಿಂಗ್ ಓವರ್, ಅಂದ್ರೆ ಆಕ್ಸಲ್ ಕೆಳಗಿರೋ ಕಮಾನ್ ಪ್ಲೇಟನ್ನ ಆಕ್ಸಲ್ ಮೇಲಕ್ಕೆ ತಂದು ಕೂರಿಸೋದು, ಗಾಡಿ ಒಂದೇ ಏಟಿಗೆ ನಾಲ್ಕೈದು ಇಂಚು ಎದ್ದು ನಿಲ್ಲತ್ತೆ. ಭಾಯ್ ಮಾಡಲ್ಲ ಅಂದ್ರು. ದುಡ್ಡು ಕೊಡ್ತೀನಿ ಅಂದ್ರೂ ಮಾಡಲ್ಲ. ಅವ್ರು ಹೇಳಿದ್ದು ಇಷ್ಟು: ಬಾಡಿ ಮೇಲಕ್ಕೆ ಹೋಗತ್ತೆ ಸಾರ್, ಆದ್ರೆ ಕಲ್ಲಿಗೆ ಬಡಿಯೋದು ಬಾಡಿ ಅಲ್ಲ, ಆಕ್ಸಲ್ ಮಧ್ಯ ಗೇರ್ ಇರೋ ಡಬ್ಬಿ, ಡಿಫ್ರೆನ್ಷಿಯಲ್ ಹೌಸಿಂಗು, ಅದು ಅಲ್ಲೇ ಇರತ್ತೆ, ಅದನ್ನ ಎತ್ತೋದು ಟೈರ್ ಮಾತ್ರ. ಎತ್ತರ ಆದ್ರೆ ಸ್ಟೇರಿಂಗ್ ಲಿಂಕ್ ಓರೆ ಆಗತ್ತೆ, ಗುಂಡಿ ಬಂದಾಗ ಗಾಡಿ ತಾನೇ ತಿರುಗಕ್ಕೆ ನೋಡತ್ತೆ, ಬ್ರೇಕ್ ಹೋಸ್ ಉದ್ದ ಸಾಲಲ್ಲ, ಪ್ರೊಪೆಲ್ಲರ್ ಶಾಫ್ಟ್ ಕ್ರಾಸ್ ಜಾಸ್ತಿ ಓರೆಯಾಗಿ ನಿಲ್ಲತ್ತೆ, ಲೋ ಗೇರಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಪ್ಲೇಟೇ ಎಸ್ ಆಕಾರಕ್ಕೆ ತಿರುಚತ್ತೆ. ಇದೆಲ್ಲಕ್ಕೂ ಮದ್ದಿದೆ, ಎಲ್ಲ ಮಾಡಿದ್ರೆ ಮಾಡ್ಬೇಕು, ಅರ್ಧ ಮಾಡಿ ಬಿಡೋದಾದ್ರೆ ಬೇಡ. ಮೊದಲೇ ಜಿಪ್ಸಿ ಅಗಲ ಕಮ್ಮಿ ಎತ್ತರ ಜಾಸ್ತಿ, ನೈಸ್ ರೋಡಲ್ಲಿ 90ರಲ್ಲಿ ಲಾರಿ ಪಕ್ಕ ಹೋದ್ರೆ ಗಾಳಿಗೆ ವಾಲೋ ಗಾಡಿ ಅದು.

ಅದ್ರ ಬದ್ಲು ಮಾಡಿದ್ದು ಏನು ಗೊತ್ತಾ, ಹಳೇ ಕಮಾನ್ ಪೂರ್ತಿ ಇಳಿಸಿದ್ರು. ಎಸ್ಟೇಟಿನವ್ರು ಕಾಫಿ ಮೂಟೆ ಹೊರಿಸಕ್ಕೆ ಅಂತ ಹಿಂದುಗಡೆ ಎರಡೆರಡು ಪ್ಲೇಟ್ ಎಕ್ಸ್‌ಟ್ರಾ ಹಾಕಿಸಿದ್ರಂತೆ, ಯಾವುದೋ ಲೋಡ್ ಗಾಡಿದು, ಎಲ್ಲ ತುಕ್ಕು ಹಿಡಿದು ಒಂದಕ್ಕೊಂದು ಅಂಟ್ಕೊಂಡು ಒಂದೇ ಕಬ್ಬಿಣದ ದಿಮ್ಮಿ ಥರ ಆಗಿತ್ತು. ಆ ಎಕ್ಸ್‌ಟ್ರಾ ಪ್ಲೇಟ್ ತೆಗೆದು, ಉಳಿದಿದ್ದನ್ನ ಒಂದೊಂದಾಗಿ ಉಜ್ಜಿ, ತುದಿ ಗ್ರೈಂಡ್ ಮಾಡಿ, ಗ್ರಾಫೈಟ್ ಗ್ರೀಸ್ ಬಳಿದು, ಬುಷ್ ಶಾಕಲ್ ಪಿನ್ ಎಲ್ಲ ಹೊಸದು ಹಾಕಿ ಕಟ್ಟಿದ್ರು. ಲಿಫ್ಟ್ ಮಾಡ್ಸಕ್ಕೆ ಹೋದವನ ಗಾಡಿ ಹಿಂದುಗಡೆ ಒಂದಿಂಚು ಕೆಳಗಿಳೀತು! ಮನೇಲಿ ಇದನ್ನ ಹೇಳಿದಾಗ "ಹದಿನಾಲ್ಕು ಸಾವಿರ ಕೊಟ್ಟು ಕುಳ್ಳ ಮಾಡ್ಸಿದ್ರಾ ರೀ?" ಅಂತ ಕೇಳಿದ್ಲು, ಉತ್ತರ ಕೊಡಕ್ಕಾಗ್ಲಿಲ್ಲ. ಆದ್ರೆ ಓಡ್ಸಿ ನೋಡ್ಬೇಕು ಗುರು. ಮೊದಲು ಹಂಪ್ ಮೇಲೆ ಹೋದ್ರೆ ಹಿಂದೆ ಕೂತವ್ರ ತಲೆ ರಾಡಿಗೆ ಬಡೀತಿತ್ತು, ಈಗ ಪ್ಲೇಟ್ ಕೆಲ್ಸ ಮಾಡ್ತಿದೆ. ಓರೆ ಜಾಗದಲ್ಲಿ ಒಂದು ಚಕ್ರ ಗಾಳೀಲಿ ನೇತಾಡೋದು ಎಷ್ಟೋ ಕಮ್ಮಿ ಆಗಿದೆ, ಲಾಕರ್ (ಎಡ ಬಲ ಎರಡೂ ಚಕ್ರ ಒಟ್ಟಿಗೆ ತಿರುಗೋ ಹಾಗೆ ಮಾಡೋದು) ಇಲ್ಲದ ಗಾಡಿಗೆ ಅದಕ್ಕಿಂತ ಇನ್ನೇನು ಬೇಕು, ಗಾಳೀಲಿರೋ ಚಕ್ರ ತಾನೇ ಸುತ್ತಿ ಎಲ್ಲ ಪವರ್ ತಿಂದ್ಹಾಕೋದು.

ಟೈರು ನಾನೇ ಬೇರೆ ಕಡೆ ತಗೊಂಡೆ, 215/75 ಆರ್ 15, ಎಟಿ (ಆಲ್ ಟೆರೇನ್) ಪ್ಯಾಟರ್ನ್, ಐದು, 36 ಸಾವಿರ. ಕಂಪನಿ ಸೈಜ್ 205/70 ಅಂದ್ರೆ 668 ಮಿಮೀ ಎತ್ತರ, ಇದು 703, ಆಕ್ಸಲ್ ಕೆಳಗೆ ಸಿಗೋದು ಅದ್ರಲ್ಲಿ ಅರ್ಧ, ಹದಿನೇಳು ಹದಿನೆಂಟು ಮಿಮೀ. ಕಮ್ಮಿ ಅನ್ಸತ್ತೆ, ಕಲ್ಲು ಉಜ್ಜೋದು ಉಜ್ಜದೇ ಇರೋದು ಅಷ್ಟರಲ್ಲೇ ಇರತ್ತೆ. 235/75 ಹಾಕಿದ್ರೆ 733, ಫೋಟೋಗೆ ಚೆನ್ನಾಗಿರತ್ತೆ, ಆದ್ರೆ ಗೇರಿಂಗ್ ಹತ್ತು ಪರ್ಸೆಂಟ್ ಉದ್ದ ಆಗತ್ತೆ, ಕೆಳಗಡೆ ಎಳೆತನೇ ಇಲ್ಲದ ಈ ಎಂಜಿನ್ ಘಾಟಿಲಿ ಸೆಕೆಂಡ್ ಗೇರಿಗೆ ಅಳತ್ತೆ, ಸ್ಟೇರಿಂಗ್ ತಿರುಗಿಸಿದ್ರೆ ಕಮಾನಿಗೆ ಉಜ್ಜತ್ತೆ. ನಂದ್ರಲ್ಲೂ ಸ್ಪೀಡೋ 5 ಪರ್ಸೆಂಟ್ ಕಮ್ಮಿ ತೋರಿಸ್ತಿದೆ, ಮೀಟರಲ್ಲಿ 80 ಅಂದ್ರೆ ನಿಜಕ್ಕೂ 84.

ಬಂಪರ್ ಮತ್ತೆ ವಿಂಚ್ ಯಾಕೆ ಹಾಕ್ಸಿಲ್ಲ ಅಂದ್ರೆ, ಒಂದು, ಕಾನೂನು. ಕ್ರ್ಯಾಶ್ ಗಾರ್ಡ್ ಬುಲ್ ಬಾರ್ ಬೇಡ ಅಂತ ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರಲ್ಲೇ ರಾಜ್ಯಗಳಿಗೆ ಬರೆದಿದೆ. 2019ರ ಜನವರೀಲಿ ಸುಪ್ರೀಂ ಕೋರ್ಟು ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಇಟ್ಕೊಂಡು ಕಂಪನಿ ಸ್ಪೆಸಿಫಿಕೇಶನ್ ಬದಲಾಯಿಸೋ ಹಾಗಿಲ್ಲ ಅಂತ ಹೇಳಿದೆ. 15 ವರ್ಷ ದಾಟಿದ ಗಾಡಿ 5 ವರ್ಷಕ್ಕೊಂದ್ಸಲ ಆರ್‌ಟಿಒ ಮುಂದೆ ಎಫ್‌ಸಿಗೆ (ಫಿಟ್‌ನೆಸ್ ಟೆಸ್ಟಿಗೆ) ನಿಲ್ಲಬೇಕು, ಅವತ್ತು ಬಿಚ್ಚಕ್ಕಾಗದೇ ಇರೋದು ಏನೂ ಗಾಡೀಲಿ ಇರಬಾರ್ದು ಅನ್ನೋದು ಭಾಯ್ ಲೆಕ್ಕ. (ನಾನು ಹಳೇ ಟೈರ್ ಸೆಟ್ಟನ್ನೂ ಮಂಚದ ಕೆಳಗೆ ಇಟ್ಟಿದೀನಿ, ಅದ್ರ ಬಗ್ಗೆ ಮನೇಲಿ ಇನ್ನೂ ಜಗಳ ನಡೀತಿದೆ.) ಎರಡನೇದು ತೂಕ. ಗಾಡಿನೇ ಒಂದು ಟನ್ನಿನ ಆಸುಪಾಸು, ಮೂತಿ ಮೇಲೆ ಸ್ಟೀಲ್ ಬಂಪರು ವಿಂಚು ಎರಡೂ ಸೇರಿ ಇನ್ನೊಬ್ಬ ಮನುಷ್ಯನ್ನ ಕೂರಿಸಿದ ಹಾಗೆ, ಮೇಲಿಂದ ವಿಂಚು ಪೂರ್ತಿ ಲೋಡಲ್ಲಿ 300 400 ಆಂಪ್ಸ್ ಎಳೆಯತ್ತೆ, ಜಿಪ್ಸಿ ಡೈನಮೋ ಬ್ಯಾಟರಿ ಎರಡೂ ಕೈ ಎತ್ತತ್ತೆ.

ಬದಲಿಗೆ ಹಿಂದೆ ಮುಂದೆ ಚಾಸಿಗೆ ಎಳೆಯೋ ಕೊಂಡಿ ಮಾಡಿಕೊಟ್ರು, 10 ಮಿಮೀ ಪ್ಲೇಟು ಪೀಣ್ಯದಲ್ಲಿ ಲೇಸರ್ ಕಟ್ ಮಾಡ್ಸಿ, ಚಾಸಿಯ ಎರಡೂ ಗೋಡೆಗೆ ತೂತು ಹಾಕಿ ಒಳಗೆ ಪೈಪ್ ಸ್ಲೀವ್ ಕೊಟ್ಟು ಬೋಲ್ಟ್. ಸ್ಲೀವ್ ಇಲ್ದೇ ಬಿಗಿ ಮಾಡಿದ್ರೆ ಚಾಸಿ ಡಬ್ಬಿ ಥರ ಒಳಗೆ ಹಿಸುಕತ್ತೆ. ಮೈಯಲ್ಲಿ 4.75 ಟನ್ ಅಂತ ಅಚ್ಚೊತ್ತಿರೋ, ಹಗ್ಗ ಸಿಗಿಸೋ ಶಾಕಲ್ ನಾನು ತಂದೆ. ಗಾಡಿ ಜೊತೆ ಬರೋ ಸಣ್ಣ ಕೊಕ್ಕೆಗೆ ಹಗ್ಗ ಕಟ್ಟಿ ಜರ್ಕ್ ಕೊಡೋರನ್ನ, ಇನ್ನೂ ಕೆಟ್ಟದಾಗಿ ಟ್ರೈಲರ್ ಬಾಲ್‌ಗೆ ಕಟ್ಟೋರನ್ನ ನಾನು ಕಣ್ಣಾರೆ ನೋಡಿದೀನಿ, ಅದು ಮುರಿದು ಬಂದ್ರೆ ಗುಂಡು ಹಾರಿದ ಹಾಗೆ ಗಾಜೊಳಗೆ ಬರತ್ತೆ. ಸ್ನಾರ್ಕಲ್ ಬಗ್ಗೆ ಜಾಸ್ತಿ ಹೇಳಲ್ಲ, ನಾನು ಇಳಿಯೋದು ಮೊಳಕಾಲು ನೀರಿಗೆ, ಅದಕ್ಯಾಕೆ ಸ್ನಾರ್ಕಲ್ಲು.

ಇಡೀ ಬಿಲ್ಲಲ್ಲಿ ನನ್ ಫೇವರಿಟ್ ಐಟಂ 350 ರೂಪಾಯಿದು. ಎರಡೂ ಆಕ್ಸಲ್ ಮೇಲೆ ಗಾಳಿ ಆಡಕ್ಕೆ ಒಂದು ಸಣ್ಣ ಬ್ರೀದರ್ ಇರತ್ತೆ. ಒಂದು ಗಂಟೆ ಓಡಿ ಬಿಸಿ ಆಗಿರೋ ಹೌಸಿಂಗನ್ನ ಹಳ್ಳದ ತಣ್ಣೀರಿಗೆ ಇಳಿಸಿದ್ರೆ ಒಳಗಿನ ಗಾಳಿ ಕುಗ್ಗಿ ನೀರನ್ನ ಒಳಗೆಳ್ಕೊಳತ್ತೆ, ಆಯಿಲ್ ಹಾಲು ಬೆರೆಸಿದ ಟೀ ಥರ ಆಗತ್ತೆ, ಒಳಗಿನ ಗೇರು, ಕ್ರೌನ್ ಪಿನಿಯನ್, ನಿಧಾನಕ್ಕೆ ಸಾಯತ್ತೆ. ಅದಕ್ಕೆ ಪೆಟ್ರೋಲ್ ಹೋಸ್ ಸಿಗಿಸಿ ಮೇಲೆ ಬಾನೆಟ್ ಒಳಗೆ ತಂದು ಕ್ಲಿಪ್ ಹೊಡೆದ್ರೆ ಮುಗೀತು. ನಾನು ಕೇಳೂ ಇರ್ಲಿಲ್ಲ, ಅವ್ರೇ ಹಾಕಿದ್ರು.

ಇಲ್ಲಿವರೆಗೂ ಹೊಗಳಿದ್ದಾಯ್ತು, ಈಗ ಬೈಗುಳ.

ವೈರಿಂಗ್. ಭಾಯ್ ವೈರಿಂಗ್ ಮುಟ್ಟಲ್ಲ, ಅದಕ್ಕೆ ಹೊರಗಿಂದ ಒಬ್ಬ ಎಲೆಕ್ಟ್ರಿಷಿಯನ್ ಬರ್ತಾನೆ, ಸಂಜೆ ಬರ್ತಾನೆ, ಕತ್ತಲಲ್ಲಿ ಮಾಡ್ತಾನೆ, ಹೋಗ್ತಾನೆ. ನಾನು ಎರಡು ಎಕ್ಸ್‌ಟ್ರಾ ಲ್ಯಾಂಪ್ ಹಾಕಕ್ಕೆ ಕೊಟ್ಟಿದ್ದೆ, 100 ವ್ಯಾಟ್ ಹ್ಯಾಲೋಜನ್, ಎಸ್ಟೇಟ್ ಒಳಗೆ ರಾತ್ರಿ ಬಳಸಕ್ಕೆ. ಗಾಡಿ ತಗೊಂಡು ಮೊದಲ ವೀಕೆಂಡೇ ಸಕಲೇಶಪುರಕ್ಕೆ ಹೊರಟೆ, ನೆಲಮಂಗಲ ಕುಣಿಗಲ್ ಎಲ್ಲ ಆರಾಮಾಗಿ ದಾಟ್ತು, ಸ್ಟೇರಿಂಗ್ ಒಂದು ಬೆರಳಲ್ಲಿ ಹಿಡೀಬಹುದು ಅಷ್ಟು ಸ್ಥಿರ, ನಾನು ಹಾಡು ಬೇರೆ ಹೇಳ್ತಿದ್ದೆ. ಚನ್ನರಾಯಪಟ್ಟಣ ದಾಟಿದ ಮೇಲೆ ರಸ್ತೆ ಖಾಲಿ ಇತ್ತು, ಹೆಂಗಿದೆ ನೋಡೋಣ ಅಂತ ಎಕ್ಸ್‌ಟ್ರಾ ಲೈಟ್ ಹಾಕಿದೆ, ಹತ್ತು ನಿಮಿಷಕ್ಕೆ ಸುಟ್ಟ ಪ್ಲಾಸ್ಟಿಕ್ ವಾಸನೆ, ಆಮೇಲೆ ಫಟ್ ಅಂತ ಹೆಡ್‌ಲೈಟ್ ಸಮೇತ ಎಲ್ಲ ಆಫ್. 70 ಸ್ಪೀಡಲ್ಲಿ ಕುರುಡು ಕತ್ತಲು. ಹಿಂದೆ ಬರ್ತಿದ್ದ ಕೆಎಸ್‌ಆರ್‌ಟಿಸಿ ಬಸ್ಸಿನ ಬೆಳಕಲ್ಲಿ ಅಂದಾಜಿನ ಮೇಲೆ ಸೈಡಿಗೆ ಹಾಕಿದೆ. ಕೈ ನಡುಗ್ತಿತ್ತು, ಸುಳ್ಳು ಯಾಕೆ ಹೇಳ್ಲಿ.

ಟಾರ್ಚ್ ಹಿಡಿದು ನೋಡಿದ್ರೆ ಪುಣ್ಯಾತ್ಮ ರಿಲೇನೇ (ಲೈಟಿನ ಕರೆಂಟ್ ಸ್ವಿಚ್ಚಿನ ಮೂಲಕ ಹೋಗದ ಹಾಗೆ ತಡೆಯೋದು) ಹಾಕಿಲ್ಲ! ಎರಡು ಲ್ಯಾಂಪು 200 ವ್ಯಾಟ್, 12 ವೋಲ್ಟಿಗೆ ಹದಿನಾರು ಹದಿನೇಳು ಆಂಪ್ಸ್, ಅಷ್ಟನ್ನೂ ಹೆಡ್‌ಲೈಟ್ ಸ್ವಿಚ್ಚಿನ ವೈರಿಂದಲೇ ಕದ್ದು ಎಳೆದಿದಾನೆ, ಫ್ಯೂಸ್ ಇಲ್ಲ, ಜಾಯಿಂಟಿಗೆ ಬರೀ ಟೇಪು. ಇಪ್ಪತ್ತು ವರ್ಷದ ಸ್ವಿಚ್ಚು ಪಾಪ ಕರಗಿ ಹೋಗಿತ್ತು. ಆ ರಾತ್ರಿ ಹೆಡ್‌ಲೈಟ್ ಮಾತ್ರ ಬ್ಯಾಟರಿಯಿಂದ ನೇರ ಕೊಟ್ಕೊಂಡು, ಸ್ಪೇರ್ ಫ್ಯೂಸ್ ಒಂದನ್ನ ಮಧ್ಯ ಸೇರಿಸಿ, ನಿಧಾನಕ್ಕೆ ಹಾಸನ ಮುಟ್ಟಿ ರೂಮ್ ಮಾಡಿದೆ. ವಾಪಸ್ ಬಂದು ಭಾಯ್‌ಗೆ ತೋರಿಸಿದ್ರೆ ಅವ್ರು ಒಂದು ನಿಮಿಷ ಏನೂ ಮಾತಾಡ್ಲಿಲ್ಲ, ವೈರಿಂಗಿನ ಏಳೂವರೆ ಸಾವಿರ ಪೂರ್ತಿ ವಾಪಸ್ ಕೊಟ್ರು, ಸ್ವಿಚ್ಚಿನ ದುಡ್ಡೂ ಸೇರಿಸಿ. ಅದು ದೊಡ್ಡತನ, ಒಪ್ತೀನಿ. ಆದ್ರೆ ಕತ್ತಲಲ್ಲಿ ಹೋದ ಹತ್ತು ಸೆಕೆಂಡು ವಾಪಸ್ ಬರಲ್ಲ. ಅದೇ ಎಲೆಕ್ಟ್ರಿಷಿಯನ್ ಈಗ್ಲೂ ಸಂಜೆ ಬರ್ತಾನೆ, ಅದೂ ನೋಡಿದೀನಿ. ಹಾಗಾಗಿ ಇಲ್ಲಿ ಒಂದು ಬಲ್ಬೂ ಹಾಕಿಸ್ಬೇಡಿ, ಗಾಡಿ ತಗೊಂಡು ಹೋಗಿ ಬೇರೆ ಕಡೆ ರಿಲೇ, ಫ್ಯೂಸ್, ದಪ್ಪ ವೈರು ಎಲ್ಲ ಎದುರು ನಿಂತು ಮಾಡಿಸ್ಕೊಳ್ಳಿ.

ಟೈಮ್ ಬಗ್ಗೆ ಕೇಳಲೇಬೇಡಿ. 12 ದಿನ ಅಂದ್ರು, 41 ಆಯ್ತು. ಫೋನ್ ಮಾಡಿದ್ರೆ "ನಾಳೆ ಆಗೋಗತ್ತೆ ಸಾರ್". ಮೊದಲೆಲ್ಲ ದೆವ್ವ ಬರಬಾರ್ದು ಅಂತ ಮನೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೀತಿದ್ರಲ್ಲ, ಬೋರ್ಡೇ ಇಲ್ಲದ ಈ ಶೆಡ್ಡಿಗೆ ಅದನ್ನೇ ಬರೆಸಿ ಹಾಕಬಹುದು. ಅರ್ಧ ತಪ್ಪು ಚಾಸಿದು, ಮುಂದಿನ ಕಮಾನಿನ ಶಾಕಲ್ ಹತ್ರ ಸುತ್ತಿಗೇಲಿ ತಟ್ಟಿದ್ರೆ ತುಕ್ಕು ಬಿಸ್ಕತ್ ಥರ ಉದುರ್ತು, ಅದನ್ನ ಕತ್ತರಿಸಿ 3 ಮಿಮೀ ಪ್ಲೇಟ್ ಹಾಕಿ ವೆಲ್ಡ್ ಮಾಡಕ್ಕೆ ಎಂಟು ದಿನ ಹೋಯ್ತು. ಉಳಿದಿದ್ದು ಏನಕ್ಕೆ ಹೋಯ್ತು ಅಂತ ನಂಗೂ ಗೊತ್ತಿಲ್ಲ, ಅವ್ರಿಗೂ ಗೊತ್ತಿಲ್ಲ. ಎಸ್ಟಿಮೇಟ್ ಬರೆದು ಕೊಡಲ್ಲ, ಬಿಲ್ಲು ಒಂದು ಕ್ಯಾಲೆಂಡರ್ ಹಾಳೆ ಹಿಂದೆ. ಟೈರ್ ಬಿಟ್ಟು ಒಟ್ಟು 72 ಸಾವಿರದ 550, ವೈರಿಂಗ್ ವಾಪಸ್ ಕೊಟ್ಟ ಮೇಲೆ 65 ಚಿಲ್ಲರೆ. ಹಳೇ ಪಾರ್ಟ್ ಎಲ್ಲ ಒಂದು ಸಿಮೆಂಟ್ ಚೀಲದಲ್ಲಿ ಹಾಕಿ ಕೊಟ್ರು, ಅದೊಂದು ಒಳ್ಳೇ ಅಭ್ಯಾಸ.

ಆಮೇಲೆ ಎಸ್ಟೇಟಿಗೆ ಎರಡು ಸಲ ಹೋಗಿ ಬಂದೆ. ಜುಲೈ ಮಳೇಲಿ ಕೆಂಪು ಜೇಡಿ ಏರು, ಟೈರ್ ಗಾಳಿ 18 ಪಿಎಸ್ಐಗೆ ಇಳಿಸಿ, ಮುಂದಿನ ಚಕ್ರಕ್ಕೂ ಪವರ್ ಹೋಗಕ್ಕೆ ಹಬ್ ಲಾಕ್ ಮಾಡಿ, ಲೋ ಸೆಕೆಂಡಲ್ಲಿ ಬಿಟ್ಟೆ. ಹೋದ ವರ್ಷ ಇದೇ ಏರಲ್ಲಿ ಅರ್ಧಕ್ಕೆ ನಿಂತು ಟ್ರ್ಯಾಕ್ಟರ್ ಕರೆಸಿದ್ದೆ, ಈ ಸಲ ಒಂದು ಕಡೆ ಸ್ವಲ್ಪ ಜಾರಿ, ಮತ್ತೆ ಹಿಡ್ಕೊಂಡು, ಮೇಲಕ್ಕೆ ಹೋಯ್ತು. ಹಿಂದೆ ಬರ್ತಿದ್ದ ಹೊಸ ಥಾರ್ ಹೈವೇ ಟೈರಲ್ಲಿ ಕೂತ್ಬಿಟ್ಟಿತ್ತು, ನನ್ ಹಿಂದಿನ ಕೊಂಡಿಗೆ ಹಗ್ಗ ಕಟ್ಟಿ ಎಳೆದೆ, ಪ್ಲೇಟ್ ಒಂಚೂರೂ ಕದಲ್ಲಿಲ್ಲ. ಮನೆಗೆ ಬಂದು ಎರಡೂ ಡಿಫ್ರೆನ್ಷಿಯಲ್ ಆಯಿಲ್ ನೋಡಿದೆ, ಜೇನಿನ ಬಣ್ಣ, ನೀರಿಲ್ಲ.

ಹೋಗೋರಿಗೆ ಎರಡು ಮಾತು. ಶುಕ್ರವಾರ ಮಧ್ಯಾಹ್ನ ಹೋಗ್ಬೇಡಿ, ನಮಾಜಿಗೆ ಹೋಗಿರ್ತಾರೆ. ಗಾಡಿ ಆ ಆಂಟಿ ಗೇಟ್ ಮುಂದೆ ನಿಲ್ಲಿಸ್ಬೇಡಿ. ನನ್ ಹಿಂದಿನ ಬಲಗಡೆ ಆಕ್ಸಲ್ ಸೀಲ್ ಈಗ ಸಣ್ಣಗೆ ಜಿನುಗ್ತಿದೆ, ಬ್ರೇಕ್ ಡ್ರಮ್ಮಿಗೆ ಆಯಿಲ್ ಇಳಿಯೋ ಮುಂಚೆ ಮಾಡಿಸ್ಬೇಕು, ಮುಂದಿನ ಸೋಮವಾರ ಅಲ್ಲೇ ಬಿಡ್ತಿದೀನಿ. ಎರಡು ದಿನದ ಕೆಲ್ಸ ಸಾರ್ ಅಂದಿದಾರೆ. ನಾನು ಮೆಟ್ರೋ ಕಾರ್ಡಿಗೆ ಒಂದು ತಿಂಗಳಿಗೆ ಆಗೋಷ್ಟು ರೀಚಾರ್ಜ್ ಮಾಡಿಸ್ಕೊಂಡಿದೀನಿ.